ಪಾರ್ಕಿನ್ಸನ್ನೋ, ಪಿಎಸ್‌ಪಿಯೋ: ಕಂಪ್ಯೂಟರ್ ಹೇಳಬಲ್ಲದೇ?

ಪ್ರಶ್ನೆ: ನನ್ನ ತಂದೆಯವರಿಗೆ 67 ವರ್ಷ. ಒಂದು ವರ್ಷದಿಂದ ನಡಿಗೆ ನಿಧಾನವಾಗಿದ್ದು, ಆಗಾಗ ಹಿಂದಕ್ಕೆ ವಾಲಿ ಬೀಳುತ್ತಾರೆ. ಒಬ್ಬ ವೈದ್ಯರು ಪಾರ್ಕಿನ್ಸನ್ ಎಂದರು, ಇನ್ನೊಬ್ಬರು ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಇರಬಹುದು ಎಂದರು. ಎಂಆರ್‌ಐ ನೋಡಿ ಕಂಪ್ಯೂಟರೇ ಕಾಯಿಲೆಯನ್ನು ಗುರುತಿಸುತ್ತದೆ ಎಂದು ಓದಿದೆ. ನಮ್ಮಲ್ಲಿರುವ ಎಂಆರ್‌ಐ ಫಿಲ್ಮನ್ನು ಅದಕ್ಕೆ ಕೊಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಫಿಲ್ಮ್ ಸಾಲದು. ನೀವು ಓದಿರುವುದು ಬಹುಶಃ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿರುವ, 2025ರಲ್ಲಿ ‘ಜಾಮಾ ನ್ಯೂರಾಲಜಿ’ ಪತ್ರಿಕೆಯಲ್ಲಿ ವರದಿಯಾದ ತಂತ್ರಾಂಶದ ಸುದ್ದಿ. ಅದು ನೋಡುವುದು ಡಿಫ್ಯೂಷನ್ ಎಂಆರ್‌ಐ ಎಂಬ ಬೇರೆ ಬಗೆಯ ಸ್ಕ್ಯಾನನ್ನು. ಮಿದುಳಿನಲ್ಲಿ ನೀರಿನ ಅಣುಗಳು ಹೇಗೆ ಚಲಿಸುತ್ತಿವೆ ಎಂಬುದನ್ನು ಈ ಸ್ಕ್ಯಾನ್ ಅಳೆಯುತ್ತದೆ. ನರಕೋಶಗಳು ಕ್ಷೀಣಿಸಿದ ಜಾಗದಲ್ಲಿ ನೀರು ಅಡೆತಡೆಯಿಲ್ಲದೆ ಹರಡುತ್ತದೆ. ಪಾರ್ಕಿನ್ಸನ್‌ನಲ್ಲಿ ಈ ಬದಲಾವಣೆ ಮುಖ್ಯವಾಗಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಸಣ್ಣ ಭಾಗದಲ್ಲಿ ಕಂಡರೆ, ಅದನ್ನೇ ಹೋಲುವ ಪಿಎಸ್‌ಪಿ ಮತ್ತು ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ) ಎಂಬ ಕಾಯಿಲೆಗಳಲ್ಲಿ ಅದು ಇನ್ನೂ ಹಲವು ಭಾಗಗಳಿಗೆ ಹಬ್ಬಿರುತ್ತದೆ. ಈ ಹಬ್ಬುವಿಕೆಯ ಮಾದರಿಯನ್ನೇ ಯಂತ್ರಕ್ಕೆ ಕಲಿಸಲಾಗಿದೆ.

ಅಮೆರಿಕ ಮತ್ತು ಕೆನಡಾದ 21 ಕೇಂದ್ರಗಳ 249 ರೋಗಿಗಳಲ್ಲಿ ಈ ಪರೀಕ್ಷೆ ನಡೆಯಿತು. ನನಗೆ ಹೆಚ್ಚು ಮಹತ್ವದ್ದೆನಿಸುವುದು ಇನ್ನೊಂದು ಅಂಕಿ: ಮರಣಾನಂತರ ಮಿದುಳನ್ನು ಪರೀಕ್ಷಿಸಲು ಸಾಧ್ಯವಾದ 49 ಮಂದಿಯಲ್ಲಿ 46 ಮಂದಿಯ ವಿಷಯದಲ್ಲಿ ಯಂತ್ರದ ತೀರ್ಮಾನ ಸರಿಯಾಗಿತ್ತು. ಇಂತಹ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ವೈದ್ಯರ ಅಭಿಪ್ರಾಯವನ್ನೇ ಸರಿಯುತ್ತರವೆಂದು ಹಿಡಿಯುವುದರಿಂದ, ವೈದ್ಯರು ತಪ್ಪಿದಲ್ಲಿ ಯಂತ್ರವೂ ಅದೇ ತಪ್ಪನ್ನು ಕಲಿಯುತ್ತದೆ. ಇಲ್ಲಿ ಆ ಅನುಮಾನ ಸ್ವಲ್ಪ ಕಡಿಮೆ.

ಆದರೂ ಈ ಯಂತ್ರಕ್ಕೆ ಗೊತ್ತಿರುವುದು ಮೂರೇ ಹೆಸರು. ಮಿದುಳಿನ ಕುಹರಗಳಲ್ಲಿ ದ್ರವ ತುಂಬಿಕೊಂಡು ನಡಿಗೆ ಕೆಟ್ಟಿದ್ದರೂ ಅದು ಈ ಮೂರರಲ್ಲಿ ಒಂದನ್ನೇ ಹೇಳೀತು. ಆ ತೊಂದರೆಯಾದರೋ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಬಹುದಾದದ್ದು, ಮತ್ತು ಅದರ ಸುಳಿವು ನಿಮ್ಮ ಕೈಯಲ್ಲಿರುವ ಸಾಮಾನ್ಯ ಎಂಆರ್‌ಐಯಲ್ಲೇ ಸಿಗುತ್ತದೆ. ಪಿಎಸ್‌ಪಿಯಲ್ಲಿ ಮಧ್ಯಮಿದುಳು ಕುಗ್ಗಿ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಹಮ್ಮಿಂಗ್‌ಬರ್ಡ್ ಹಕ್ಕಿಯ ಆಕಾರ ಕಾಣುವುದೂ ಉಂಟು (ಆ ಹಕ್ಕಿ ನಮ್ಮಲ್ಲಿಲ್ಲ, ಕೊಕ್ಕು ಚಾಚಿದ ಸೂರಕ್ಕಿಯನ್ನು ನೆನೆದರೆ ಸಾಕು).

ಆದ್ದರಿಂದ ಹೊಸ ಸ್ಕ್ಯಾನಿಗೆ ಮೊದಲು ನಿಮ್ಹಾನ್ಸ್‌ನಂತಹ ಕಡೆ ಚಲನೆಯ ಕಾಯಿಲೆಗಳ ತಜ್ಞರನ್ನು ಕಾಣಿರಿ. ಬೀಳುವುದು ಯಾವಾಗ ಶುರುವಾಯಿತು, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಕೊಟ್ಟಿದ್ದರೆ ಎಷ್ಟು ಗುಣ ಕಂಡಿತು ಎಂಬುದನ್ನು ಬರೆದುಕೊಂಡು, ನಡಿಗೆಯ ವಿಡಿಯೊ ಜೊತೆಗೊಯ್ಯಿರಿ. ಕಣ್ಣನ್ನು ಕೆಳಕ್ಕೆ ತಿರುಗಿಸಲು ಕಷ್ಟವಾಗುವುದು ಪಿಎಸ್‌ಪಿಯ ಮುಖ್ಯ ಲಕ್ಷಣ. ತಟ್ಟೆಯಲ್ಲಿರುವುದು, ಮೆಟ್ಟಿಲು ಸರಿಯಾಗಿ ಕಾಣದೆನ್ನುತ್ತಾರೆಯೇ ಎಂದು ತಂದೆಯವರನ್ನು ಕೇಳಿ ನೋಡಿ. ಕಾಯಿಲೆಯ ಹೆಸರು ತೀರ್ಮಾನವಾಗುವವರೆಗೆ ಕಾಯದೆ, ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಕಂಬಿಯನ್ನು ಈ ವಾರವೇ ಹಾಕಿಸಿರಿ.