ಲ್ಯಾವೆಂಡರ್ ಟೌನ್ ಹಾಡು ಕೇಳಿ ಯಾರೂ ಸತ್ತಿಲ್ಲ

ವಿಡಿಯೋ ಗೇಮ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಒಂದೇ ಊರಿನ ಹೆಸರು ಮತ್ತೆ ಮತ್ತೆ ಕಾಣಿಸಿತು: ಹಳೇ ಪೋಕೆಮಾನ್ ಆಟದಲ್ಲಿ ಬರುವ, ಸತ್ತ ಪೋಕೆಮಾನ್‌ಗಳ ಸಮಾಧಿ ಇರುವ ಲ್ಯಾವೆಂಡರ್ ಟೌನ್. ಹಾಗಾಗಿ ಈ ಸಲ ಪೂರ್ತಿ ಅದರದ್ದೇ ಮಾತು.

ಪ್ರಶ್ನೆ: ಮಗ ಆರನೇ ಕ್ಲಾಸು. ಫೋನಿನಲ್ಲಿ ಹಳೇ ಪೋಕೆಮಾನ್ ಆಡ್ತಾನೆ. ಅದರಲ್ಲಿ ದೆವ್ವದ ಊರೊಂದಿದೆಯಂತೆ, ಅಲ್ಲಿಯ ಹಾಡು ಕೇಳಿ ಜಪಾನಿನಲ್ಲಿ ಇನ್ನೂರಕ್ಕೂ ಜಾಸ್ತಿ ಮಕ್ಕಳು ಪ್ರಾಣ ಕಳೆದುಕೊಂಡರಂತೆ. ಯಾವುದೋ ವಿಡಿಯೋ ನೋಡಿ ಹೆದರಿದ್ದಾನೆ. ಆ ಊರು ಬರುವ ಮೊದಲೇ ಆಟ ನಿಲ್ಲಿಸಿದ್ದಾನೆ, ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ. ನಿಜವಾ ಇದು?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಇಲ್ಲಮ್ಮ, ಸುಳ್ಳು. ಪೂರ್ತಿ ಸುಳ್ಳು. ಇವತ್ತೇ ಮಗನನ್ನು ಕೂರಿಸಿಕೊಂಡು ಹೇಳಿ, ಆ ಹಾಡು ಕೇಳಿ ಒಂದು ಮಗುವೂ ಸತ್ತಿಲ್ಲ.

ಆಟ ಬಂದದ್ದು 1996ರ ಫೆಬ್ರವರಿ 27ರಂದು, ಜಪಾನಿನಲ್ಲಿ, ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ. ಇನ್ನೂರು ಮಕ್ಕಳ ಕಥೆ ಇಂಟರ್ನೆಟ್‌ನಲ್ಲಿ ಹಬ್ಬಿದ್ದು 2010ರ ಸುಮಾರಿಗೆ. ಅಷ್ಟು ಮಕ್ಕಳು ಒಂದೇ ಕಾರಣಕ್ಕೆ ಹೋಗಿದ್ದರೆ ಆಗಿನ ಪತ್ರಿಕೆಗಳಲ್ಲಿ ಒಂದು ಸಾಲಾದರೂ ಸಿಗಬೇಕಿತ್ತು, ಅಲ್ವಾ? ಒಂದೂ ಇಲ್ಲ. ಹೆದರಿಸಲೆಂದೇ ಕಥೆ ಬರೆದು ಹಂಚುವವರು ಎಲ್ಲ ದೇಶದಲ್ಲೂ ಇದ್ದಾರೆ. ಇದು ಅಂಥವರು ಕಟ್ಟಿದ ಕಥೆ.

ಆದರೆ ಈ ಸುಳ್ಳಿನ ಪಕ್ಕದಲ್ಲೇ ನಿಜವಾಗಿ ನಡೆದ ಒಂದು ಘಟನೆ ಇದೆ, ಅದನ್ನು ಮಗನಿಗೆ ಹೇಳಲೇಬೇಕು. 1997ರ ಡಿಸೆಂಬರ್ 16ರ ಸಂಜೆ ಜಪಾನಿನ ಟೀವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಬಂತು. ಅದರಲ್ಲಿ ಪಿಕಾಚು ಮಿಂಚು ಬಿಟ್ಟು ಕ್ಷಿಪಣಿಗಳನ್ನು ಒಡೆಯುವ ದೃಶ್ಯವಿದೆ. ಕೆಂಪು, ನೀಲಿ, ಕೆಂಪು, ನೀಲಿ ಅಂತ ಸೆಕೆಂಡಿಗೆ ಹನ್ನೆರಡು ಸಲ ಇಡೀ ಪರದೆ ಮಿನುಗಿತು. ನಡೆದದ್ದು ಕೆಲವೇ ಸೆಕೆಂಡು. ಅಷ್ಟಕ್ಕೇ ಊರೂರಲ್ಲಿ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. 685 ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದರು. ಯಾರೂ ಸಾಯಲಿಲ್ಲ. ಕಾರ್ಟೂನು ನಾಲ್ಕು ತಿಂಗಳು ನಿಂತುಹೋಯಿತು, ಮತ್ತೆ ಶುರುವಾದದ್ದು 1998ರ ಏಪ್ರಿಲ್‌ನಲ್ಲಿ. ಆ ಕಂತನ್ನು ಅಲ್ಲಿಂದೀಚೆ ಎಲ್ಲೂ ತೋರಿಸಿಲ್ಲ.

ತೊಂದರೆ ಮಾಡಿದ್ದು ಬೆಳಕು. ಹಾಡಲ್ಲ. ಮಿನುಗುವ ಬೆಳಕಿಗೆ ಫಿಟ್ಸ್ ಬರುವ ಸ್ವಭಾವ ಕೆಲವು ಮಕ್ಕಳಿಗೆ ಇರುತ್ತದೆ, ವೈದ್ಯರಿಗೆ ಇದು ಗೊತ್ತಿರುವ ವಿಷಯ. ಮುಂದೆ ಯಾರೋ ಈ ಘಟನೆಯನ್ನು ಎತ್ತಿಕೊಂಡು ಬೆಳಕಿನ ಜಾಗದಲ್ಲಿ ಹಾಡನ್ನು ಇಟ್ಟರು, ಆಸ್ಪತ್ರೆಯ ಜಾಗದಲ್ಲಿ ಸಾವನ್ನು ಇಟ್ಟರು. ಪೋಕೆಮಾನ್, ಜಪಾನ್, ಮಕ್ಕಳು ಅನ್ನುವ ಮೂರು ಮಾತು ಹಾಗೇ ಉಳಿದವು, ಅದಕ್ಕೇ ಜನ ನಂಬಿದರು.

ಹಾಡು ಭಯ ಹುಟ್ಟಿಸುತ್ತೆ ಅನ್ನೋದು ಮಾತ್ರ ನಿಜ. ಜುನಿಚಿ ಮಸುದಾ ಸಂಗೀತ ಕೊಟ್ಟ ಆಟ ಇದು. ಎತ್ತರದ ನಾಲ್ಕು ಸ್ವರ ತಿರುಗಾ ಮುರುಗಾ ಬರುತ್ತಲೇ ಇರುತ್ತವೆ, ಕೆಳಗೆ ಇನ್ನೊಂದು ರಾಗ ನಿಧಾನಕ್ಕೆ ಸೇರುತ್ತೆ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದು. ಬಾಕಿ ಊರುಗಳ ಹಾಡೆಲ್ಲ ಖುಷಿಯಾಗಿರುವಾಗ ಇದೊಂದು ಹೀಗೆ ಬಂದರೆ ಹತ್ತು ವರ್ಷದ ಮಗುವಿಗೆ ಮೈ ಜುಮ್ಮೆನ್ನದೆ ಇರುತ್ತದೆಯೇ? ಹೆದರಿದ್ದಕ್ಕೆ ಮಗನನ್ನು ಬಯ್ಯಬೇಡಿ.

ಮತ್ತೊಂದು. ಆ ಊರಿನಲ್ಲಿ ಏಳು ಮಹಡಿಯ ಗೋಪುರ ಇದೆ, ಒಳಗೆಲ್ಲ ಸಮಾಧಿ. ಆರನೇ ಮಹಡಿಯಲ್ಲಿ ಒಂದು ದೆವ್ವ ಮೆಟ್ಟಿಲಿಗೆ ಅಡ್ಡ ನಿಂತು ಹೊರಗೆ ಹೋಗು ಅನ್ನುತ್ತೆ. ನಮ್ಮ ಪೋಕೆಮಾನ್‌ಗಳು ಹೆದರಿ ಕೈಕಾಲೇ ಆಡಿಸುವುದಿಲ್ಲ. ಸಿಲ್ಫ್ ಸ್ಕೋಪ್ ಅನ್ನುವ ಸಾಧನ ಇದ್ದರೆ ಮಾತ್ರ ಅದರ ನಿಜರೂಪ ಕಾಣುತ್ತೆ. ಅದು ಮಾರೊವಾಕ್, ಕ್ಯೂಬೋನ್ ಅನ್ನುವ ಪುಟ್ಟ ಪೋಕೆಮಾನ್‌ನ ತಾಯಿ. ಟೀಮ್ ರಾಕೆಟ್ ಅನ್ನುವ ಕಳ್ಳರ ಗುಂಪಿನಿಂದ ತಪ್ಪಿಸಿಕೊಳ್ಳುವಾಗ ಅವರು ಅವಳನ್ನು ಕೊಂದಿದ್ದಾರೆ. ಅವಳನ್ನು ಹಿಡಿಯೋಕೆ ಆಗಲ್ಲ. ಸೋಲಿಸಿದರೆ, ತಾಯಿಯ ಆತ್ಮ ಶಾಂತವಾಯಿತು ಅಂತ ಆಟ ಹೇಳುತ್ತೆ, ದಾರಿ ಬಿಡುತ್ತೆ. ಇಷ್ಟೇ ಅಲ್ಲಿರುವ ದೆವ್ವದ ಕಥೆ. ಮಗುವನ್ನು ಬಿಟ್ಟುಹೋಗಿರುವ ಒಬ್ಬಳು ತಾಯಿ. ಕಟ್ಟುಕಥೆ ಬರೆದವರು ಯಾರೂ ಇಷ್ಟು ಒಳ್ಳೆಯದನ್ನು ಬರೆದಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ನಿಮ್ಮ ಮಗ ಇದನ್ನು ಕಳೆದುಕೊಳ್ಳಬಾರದು.

ಸ್ಕೋಪ್ ಸಿಗೋದು ಸೆಲಡಾನ್ ಸಿಟಿಯ ಗೇಮ್ ಕಾರ್ನರ್ ಕೆಳಗಿರುವ ರಾಕೆಟ್ ಅಡ್ಡೆಯಲ್ಲಿ. ಮೊದಲು ಅಲ್ಲಿಗೆ ಹೋಗಿ ಬರಲಿ. ಗೋಪುರ ಹತ್ತುವ ದಿನ ನೀವೂ ಪಕ್ಕದಲ್ಲಿ ಕೂತಿರಿ, ಹಗಲು ಹೊತ್ತಿನಲ್ಲಿ. ಬೇಕಿದ್ದರೆ ಸೌಂಡ್ ಆಫ್ ಮಾಡಿ ಆಡಲಿ, ಆಟಕ್ಕೇನೂ ಅಡ್ಡಿಯಿಲ್ಲ.

ಪ್ರಶ್ನೆ: ಸುಳ್ಳು ಅಂತ ಸುಮ್ನೆ ಹೇಳಬೇಡಿ. ಆ ಹಾಡನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬದಲಾಯಿಸಿದರೆ ದೆವ್ವದ ಮುಖ ಬರುತ್ತೆ, ಕೆಳಗೆ ಈಗಲೇ ಹೊರಡು ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ನಾನೇ ವಿಡಿಯೋ ನೋಡಿದ್ದೇನೆ.
(ಕಾಲೇಜು ವಿದ್ಯಾರ್ಥಿ, ಧಾರವಾಡ)

ಉತ್ತರ: ನೀವು ವಿಡಿಯೋ ನೋಡಿದ್ದು ನಿಜ, ಅದನ್ನು ಒಪ್ಪುತ್ತೇನೆ. ಈಗ ಅದನ್ನೇ ಇನ್ನೊಂದು ಸಲ ನೋಡಿ. ಆ ಅಕ್ಷರಗಳು ಮಾಮೂಲಿ ಅಕ್ಷರಗಳಲ್ಲ. ಅವು ಅನೋನ್ ಅನ್ನುವ ಪೋಕೆಮಾನ್‌ಗಳು, ಒಂದೊಂದೂ ಒಂದೊಂದು ಇಂಗ್ಲಿಷ್ ಅಕ್ಷರದ ಆಕಾರ. ಅನೋನ್ ಮೊದಲು ಬಂದದ್ದು ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ, 1999ರ ನವೆಂಬರಿನಲ್ಲಿ. 1996ರ ಹಾಡಿನೊಳಗೆ ಅವು ಬಂದು ಕೂತದ್ದು ಹೇಗೆ?

ಇನ್ನು ಯಂತ್ರದ ವಿಷಯ. ಸದ್ದನ್ನು ಹೀಗೆ ಚಿತ್ರವಾಗಿ ತೋರಿಸುವುದಕ್ಕೆ ಸ್ಪೆಕ್ಟ್ರೋಗ್ರಾಮ್ ಅನ್ನುತ್ತಾರೆ. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಎಡದಿಂದ ಬಲಕ್ಕೆ ಸಮಯ ಹೋಗುತ್ತೆ, ಕೆಳಗಿಂದ ಮೇಲಕ್ಕೆ ಸ್ವರದ ಎತ್ತರ. ಅದರಲ್ಲಿ ಒಂದು ಮುಖ ಮೂಡಬೇಕಾದರೆ ನೂರಾರು ಎತ್ತರದ ಸ್ವರಗಳು ಒಟ್ಟಿಗೆ ಹತೋಟಿಯಲ್ಲಿ ಏಳಬೇಕು, ಬೀಳಬೇಕು. ಗೇಮ್ ಬಾಯ್‌ನಲ್ಲಿ ಇರುವುದೇ ನಾಲ್ಕು ಧ್ವನಿ: ಎರಡು ಚೌಕದ ಅಲೆ, ಒಂದು ನಾವೇ ರೂಪ ಕೊಡಬಹುದಾದ ಅಲೆ, ಒಂದು ಬರೀ ಗೊರಗೊರ ಸದ್ದು. ಆಟದೊಳಗೆ ರೆಕಾರ್ಡ್ ಮಾಡಿದ ಹಾಡು ಅಂತ ಏನೂ ಇಲ್ಲ. ಯಾವ ಸ್ವರ, ಎಷ್ಟು ಹೊತ್ತು ಅನ್ನುವ ಸೂಚನೆಗಳಿವೆ, ಅಷ್ಟೇ. ಜಪಾನಿನ ಆ ಮೊದಲ ಆಟ ಊರು, ಕಾಡು, ಯುದ್ಧ, ಹಾಡು ಎಲ್ಲ ಸೇರಿ ಅರ್ಧ ಎಂಬಿ. ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತೆ. ಚಿತ್ರವನ್ನು ಸದ್ದಾಗಿ ಬದಲಾಯಿಸುವ ಸಾಫ್ಟ್‌ವೇರ್ ಈಗ ಸಿಗುತ್ತೆ. ಯಾರೋ ದೆವ್ವದ ಚಿತ್ರವನ್ನು ಹಾಗೆ ಸದ್ದು ಮಾಡಿ ಹಾಡಿನ ಜೊತೆ ಬೆರೆಸಿದ್ದಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ನೀವೂ ಮಾಡಬಹುದು, ಮಾಡಿ ನೋಡಿ.

ಪ್ರಶ್ನೆ: ಹಡಗಿನಲ್ಲಿ ನಾವು ಎದುರಾಳಿ ಬ್ಲೂನ ಜೊತೆ ಸೆಣಸುವಾಗ ಅವನ ಪೋಕೆಮಾನ್‌ಗಳಲ್ಲಿ ಒಂದು ರ‍್ಯಾಟಿಕೇಟ್ ಇರುತ್ತೆ. ಆಮೇಲೆ ಲ್ಯಾವೆಂಡರ್ ಗೋಪುರದಲ್ಲಿ ಸಿಕ್ಕಾಗ ಇರಲ್ಲ. ನಮ್ಮ ಕೈಯಲ್ಲಿ ಪೆಟ್ಟು ತಿಂದು ಅದು ಸತ್ತಿದೆ, ಅವನು ಅದನ್ನು ಹೂಳೋಕೆ ಬಂದಿದ್ದಾನೆ ಅಂತಾರೆ. ಓದಿದಾಗಿನಿಂದ ಮನಸ್ಸಿಗೆ ಕಷ್ಟ.
(ಓದುಗಿ, ತೀರ್ಥಹಳ್ಳಿ)

ಉತ್ತರ: ನನಗೆ ಇದೇ ಎಲ್ಲಕ್ಕಿಂತ ಇಷ್ಟವಾದ ಕಥೆ. ಕಟ್ಟಿದವರು ಆಟವನ್ನು ಗಮನ ಕೊಟ್ಟು ಆಡಿದ್ದಾರೆ. ಹಡಗಿನಲ್ಲಿ ರ‍್ಯಾಟಿಕೇಟ್ ಇದೆ, ಗೋಪುರದಲ್ಲಿ ಇಲ್ಲ, ಎರಡೂ ಸತ್ಯ. ನಿನ್ನ ಪೋಕೆಮಾನ್‌ಗಳು ಸತ್ತ ಹಾಗೆ ಕಾಣಲ್ಲವಲ್ಲ, ಇಲ್ಲಿಗ್ಯಾಕೆ ಬಂದೆ ಅಂತ ಅವನು ಕೇಳುವುದೂ ನಿಜ.

ಆದರೆ ಸೋತ ಮೇಲೆ ಅವನು ಏನು ಹೇಳುತ್ತಾನೆ ಅನ್ನೋದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಈಗಷ್ಟೇ ಒಂದು ಕ್ಯೂಬೋನ್ ಹಿಡಿದೆ, ದೊಡ್ಡ ಮಾರೊವಾಕ್ ಇನ್ನೂ ಸಿಕ್ಕಿಲ್ಲ, ಉಳಿದಿರೋದೂ ಅನುಮಾನ ಅನ್ನುತ್ತಾನೆ. ಅಂದರೆ ಅವನು ಬಂದದ್ದು ಪೋಕೆಮಾನ್ ಹಿಡಿಯೋಕೆ. ಜೊತೆಗೆ, ಈ ಆಟದಲ್ಲಿ ಸೋತ ಪೋಕೆಮಾನ್ ಮೂರ್ಛೆ ಹೋಗುತ್ತೆ, ಸಾಯಲ್ಲ. ಆಟದೊಳಗಿನ ಆಸ್ಪತ್ರೆ ಪೋಕೆಮಾನ್ ಸೆಂಟರಿಗೆ ಕರೆದುಕೊಂಡು ಹೋದರೆ ಮತ್ತೆ ಗಟ್ಟಿಯಾಗುತ್ತೆ. ಬ್ಲೂ ತನ್ನ ತಂಡಕ್ಕೆ ಅಲ್ಲಿ ಹೊಸಬರನ್ನು ಸೇರಿಸಿಕೊಂಡಿದ್ದಾನೆ, ಹಳಬರಲ್ಲಿ ಒಂದನ್ನು ಬಿಟ್ಟಿದ್ದಾನೆ. ನಾವೂ ಹಾಗೆ ಮಾಡ್ತೀವಲ್ಲ.

ನಿಮ್ಮ ಕಷ್ಟ ಇದರಿಂದ ಪೂರ್ತಿ ಹೋಗಲ್ಲ, ಗೊತ್ತು. ಯಾಕಂದರೆ ಅವನು ಎರಡನೇ ಮಹಡಿಯಲ್ಲಿ ನಿಂತು ಮಾರೊವಾಕ್ ಸಿಕ್ಕಿಲ್ಲ ಅನ್ನುವಾಗ, ನಾಲ್ಕು ಮಹಡಿ ಮೇಲೆ ಒಬ್ಬಳು ಮಾರೊವಾಕ್ ಕಾದಿದ್ದಾಳೆ. ಅವಳು ಯಾರು ಅಂತ ಗೊತ್ತಾದ ಮೇಲೆ ಅವನ ಆ ಮಾತನ್ನು ಮತ್ತೆ ಓದಿ.

ಪ್ರಶ್ನೆ: ಗೋಪುರದ ತುದಿಯಲ್ಲಿ ಜೀವಂತ ಹೂತುಹೋದ ಮನುಷ್ಯನೊಬ್ಬ ಇದ್ದಾನಂತೆ, ಬಿಳಿ ಕೈ ಅನ್ನುವ ಪೋಕೆಮಾನ್ ಬಿಡ್ತಾನಂತೆ?
(ಬಳ್ಳಾರಿ)

ಉತ್ತರ: ಇಲ್ಲ. ಅಭಿಮಾನಿಗಳು ಈ ಆಟದ ಕೋಡ್ ಪೂರ್ತಿ ಬಿಚ್ಚಿ ಎಲ್ಲರೂ ಓದುವ ಹಾಗೆ ಇಟ್ಟಿದ್ದಾರೆ. ಅಂಥ ಮನುಷ್ಯನೂ ಇಲ್ಲ, ಅಂಥ ಚಿತ್ರವೂ ಇಲ್ಲ. ಏಳನೇ ಮಹಡಿಯಲ್ಲಿ ಇರೋದು ಅನಾಥ ಪೋಕೆಮಾನ್‌ಗಳನ್ನು ಸಾಕುವ ಫ್ಯೂಜಿ ಅಜ್ಜ. ಬಿಳಿ ಕೈ ಎಲ್ಲಿಂದ ಬಂತು ಅಂದರೆ, ದೆವ್ವ ಇದೆ ಅಂತ ನಂಬ್ತೀರಾ ಅಂತ ಊರಿನಲ್ಲಿ ಒಬ್ಬ ಹುಡುಗಿ ಕೇಳುತ್ತಾಳೆ. ಇಲ್ಲ ಅಂದು ನೋಡಿ. ಹೌದಲ್ವಾ, ನಿಮ್ಮ ಹೆಗಲ ಮೇಲಿರುವ ಆ ಬಿಳಿ ಕೈ ನಿಜ ಅಲ್ಲ ಬಿಡಿ ಅಂತಾಳೆ. ಆ ಒಂದು ಮಾತಿನಿಂದಲೇ ಇಷ್ಟೆಲ್ಲ ಬೆಳೆದದ್ದು.

ಪ್ರಶ್ನೆ: ನನ್ನ ಅಣ್ಣ ಆ ಗೋಪುರದ ದೆವ್ವವನ್ನು ಸಮುದ್ರದಲ್ಲಿ ಕಂಡಿದ್ದಾನೆ. ಆಣೆ ಮಾಡಿ ಹೇಳ್ತಾನೆ. ನಮ್ಮ ಮನೆಯಲ್ಲಿ ಯಾರೂ ನಂಬಲ್ಲ.
(ಮಂಗಳೂರು)

ಉತ್ತರ: ನಿಮ್ಮ ಅಣ್ಣ ಹೇಳಿದ್ದು ನಿಜ! ಎಲ್ಲರೆದುರು ಅವರ ಪರವಾಗಿ ಹೇಳಿ.

ಇಂಗ್ಲಿಷಿನ ರೆಡ್ ಮತ್ತು ಬ್ಲೂ ಆಟದಲ್ಲಿ ಒಂದು ದೋಷ ಇದೆ. ವಿರಿಡಿಯನ್ ಸಿಟಿಯ ಮುದುಕ ಪೋಕೆಮಾನ್ ಹಿಡಿಯೋದು ಹೇಗೆ ಅಂತ ತೋರಿಸುವಾಗ ಪರದೆಯ ಮೇಲೆ ಅವನ ಹೆಸರು ಬರಬೇಕು. ಅಷ್ಟು ಹೊತ್ತು ನಮ್ಮ ಹೆಸರನ್ನು ಆಟ ಬೇರೆ ಕಡೆ ಎತ್ತಿಡುತ್ತೆ. ಎತ್ತಿಡುವ ಜಾಗ, ಯಾವ ಹುಲ್ಲಿನಲ್ಲಿ ಯಾವ ಪೋಕೆಮಾನ್ ಬರಬೇಕು ಅಂತ ಬರೆದಿಡುವ ಜಾಗ. ಆಮೇಲೆ ನೇರ ಸಿನಬಾರ್ ದ್ವೀಪಕ್ಕೆ ಹಾರಿ ಪೂರ್ವದ ದಡದಲ್ಲಿ ಈಜಿದರೆ, ಆಟ ನಮ್ಮ ಹೆಸರನ್ನೇ ಪೋಕೆಮಾನ್ ಪಟ್ಟಿ ಅಂದುಕೊಂಡು ಓದುತ್ತೆ. ಹೆಸರಿನ ಮೂರನೇ, ಐದನೇ, ಏಳನೇ ಅಕ್ಷರ ಯಾವ ಪೋಕೆಮಾನ್ ಅಂತ ತೀರ್ಮಾನ ಮಾಡುತ್ತವೆ. ಅಲ್ಲಿ ಇಂಗ್ಲಿಷಿನ ಸಣ್ಣ ವೈ ಇದ್ದರೆ ಬರೋದು ದೋಷದಿಂದ ಹುಟ್ಟುವ ಪೋಕೆಮಾನ್ ಮಿಸ್ಸಿಂಗ್‌ನೋ, ಅದೂ ಲ್ಯಾವೆಂಡರ್ ದೆವ್ವದ ಚಿತ್ರ ಹೊತ್ತುಕೊಂಡು. ಸಣ್ಣ ಡಬ್ಲ್ಯೂ, ಎಕ್ಸ್ ಇದ್ದರೆ ಮೂಳೆಯ ಚಿತ್ರ. ಅಣ್ಣ ಆಟದಲ್ಲಿ ಯಾವ ಹೆಸರು ಇಟ್ಟುಕೊಂಡಿದ್ದರು ಅಂತ ಕೇಳಿ, ಮೂರನೇ ಅಕ್ಷರ ನೋಡಿ.

ಪ್ರಶ್ನೆ: ಮುಂದಿನ ಆಟಗಳಲ್ಲಿ ಆ ಗೋಪುರ ಇದೆಯಾ?
(ಹೊಸಪೇಟೆ)

ಉತ್ತರ: ಕಟ್ಟಡ ಇದೆ, ಸಮಾಧಿ ಇಲ್ಲ. ಗೋಲ್ಡ್, ಸಿಲ್ವರ್ ಹೊತ್ತಿಗೆ ಅದನ್ನು ರೇಡಿಯೋ ಟವರ್ ಮಾಡಿದ್ದಾರೆ, ಸಮಾಧಿಗಳೆಲ್ಲ ಊರಿನ ಒಂದು ಚಿಕ್ಕ ಮನೆಗೆ ಹೋಗಿವೆ, ಹಾಡೂ ಗೆಲುವಾಗಿದೆ. ಹಳಬರಿಗೆ ಇದು ಹಿಡಿಸಲಿಲ್ಲ, ನನಗೂ ಇಲ್ಲ. ಆದರೂ ಒಮ್ಮೆ ಹೋಗಿ. ಮೊದಲ ಆಟದಲ್ಲಿ ದಾರಿಗೆ ಅಡ್ಡ ಮಲಗಿದ ಸ್ನಾರ್ಲಾಕ್ಸ್‌ನನ್ನು ಎಬ್ಬಿಸಲು ಫ್ಯೂಜಿ ಅಜ್ಜ ಒಂದು ಕೊಳಲು ಕೊಡ್ತಿದ್ದರು. ಇಲ್ಲಿ ಟವರಿನ ಡೈರೆಕ್ಟರ್ ಕೊಡುವ ಕಾರ್ಡ್ ಹಾಕಿಕೊಂಡರೆ ಅದೇ ಕೊಳಲು ರೇಡಿಯೋದಲ್ಲಿ ಬರುತ್ತೆ. ಮೊದಲು ಪವರ್ ಪ್ಲಾಂಟ್ ಸರಿ ಮಾಡಿ ಬನ್ನಿ, ಅಲ್ಲಿಯವರೆಗೆ ಕಾರ್ಡ್ ಕೊಡಲ್ಲ.