ಬೆಳೆಯುವ ಮೆದುಳಿನಲ್ಲಿ ದುರ್ಬಲ ನರಕೋಶಗಳು ತಾನೇ ಸಾಯುವುದು? ಪಿಎಚ್‌ಡಿ ಸಂದರ್ಶನಕ್ಕೆ ಹೆಸರು, ಇಸವಿ ಬಾಯಿಪಾಠ ಮಾಡಿದರೆ ಸಾಕಾ?

ಅಯ್ಯೋ, ನಾನು ಮುಗ್ಗರಿಸಿದ್ದೇ ಇಲ್ಲಿ. ಹಾಸನದಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರ ಮುಗಿಸಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದೆ. ಬಸ್ಸಿನುದ್ದಕ್ಕೂ ಉರು ಹೊಡೆದಿದ್ದೆ. ರೀಟಾ ಲೆವಿ-ಮೊಂಟಾಲ್ಚೀನಿ, ಸ್ಟ್ಯಾನ್ಲಿ ಕೋಹೆನ್, ಅವರು ಗುರುತಿಸಿದ, ನರಕೋಶಗಳನ್ನು ಬದುಕಿಸಿಡುವ ನರ್ವ್ ಗ್ರೋತ್ ಫ್ಯಾಕ್ಟರ್ ಅನ್ನೋ ಪ್ರೋಟೀನು ಅಂದರೆ ಎನ್‌ಜಿಎಫ್, 1986ರ ನೊಬೆಲ್. ಎಲ್ಲ ಪಟಪಟ ಹೇಳಿದೆ. ಕೋಳಿ ಭ್ರೂಣದಲ್ಲಿ ಕಾಲಿಗೆ ಹೋಗಿ ಸ್ನಾಯು ಆಡಿಸುವ ಚಾಲಕ ನರಕೋಶಗಳಲ್ಲಿ ಸುಮಾರು ಅರ್ಧ ಮೊಟ್ಟೆಯೊಳಗೇ ಸಾಯುತ್ತವೆ, ಹೆಚ್ಚುವರಿ ಕಾಲು ಕಸಿ ಮಾಡಿದರೆ ಜಾಸ್ತಿ ಉಳಿಯುತ್ತವೆ ಅನ್ನುವುದನ್ನೂ ಬಿಡಲಿಲ್ಲ.

ಆಗ ಒಬ್ಬ ಮೇಡಂ ಕೇಳಿದರು, "ಎನ್‌ಜಿಎಫ್ ಸಿಗದಿದ್ರೆ ಯಾಕಪ್ಪಾ ಸಾಯ್ಬೇಕು?"

"ಊಟ ಸಿಗದೆ ಸೊರಗಿ ಸಾಯುತ್ತೆ ಮೇಡಂ."

"ಸರಿ. ಜೊತೆಗೆ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸೋ ಔಷಧಿ ಹಾಕಿದ್ರೆ?"

"ಇನ್ನೂ ಬೇಗ ಸಾಯುತ್ತೆ."

ಅಲ್ಲಿಗೆ ಸೀಟು ಹೋಯಿತು.

ಇಲಿಯ ಸಿಂಪಥೆಟಿಕ್ ನರಕೋಶಗಳ (ಹೃದಯ, ರಕ್ತನಾಳಗಳಂಥವನ್ನು ತಾನಾಗೇ ನಿಯಂತ್ರಿಸುವ ನರಗಳವು) ಮೇಲೆ ಈ ಪ್ರಯೋಗ 1988ರಲ್ಲೇ ಆಗಿತ್ತು. ಎನ್‌ಜಿಎಫ್ ತೆಗೆದು ಆ ಔಷಧಿ ಹಾಕಿದರೆ ಕೋಶಗಳು ಸಾಯುವುದಿಲ್ಲ, ಉಳಿದುಕೊಳ್ಳುತ್ತವೆ! ಹಸಿವಿನಿಂದ ಸಾಯುವುದಾಗಿದ್ದರೆ ಹೀಗಾಗುತ್ತಿತ್ತಾ? ಸಾಯಬೇಕಾದರೂ ಕೋಶ ಕೆಲವು ಪ್ರೋಟೀನುಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು. ಸಾಯುವ ಏರ್ಪಾಡು ಒಳಗೇ ಇರುತ್ತದೆ, ಎನ್‌ಜಿಎಫ್ ಅದನ್ನು ತಡೆದು ಕೂತಿರುತ್ತದೆ. ತಡೆ ಹೋದರೆ ಬ್ಯಾಕ್ಸ್ ಅನ್ನೋ ಪ್ರೋಟೀನು ಮೈಟೊಕಾಂಡ್ರಿಯಾಕ್ಕೆ ತೂತು ಕೊರೆಯುತ್ತದೆ, ಅದರೊಳಗಿನ ಸೈಟೊಕ್ರೋಮ್ ಸಿ ಅನ್ನೋ ಪ್ರೋಟೀನು ಸೋರುತ್ತದೆ, ಪ್ರೋಟೀನು ಕತ್ತರಿಸುವ ಕಿಣ್ವಗಳಾದ ಕ್ಯಾಸ್ಪೇಸುಗಳು ಎದ್ದು ಕೋಶವನ್ನು ಒಳಗಿಂದಲೇ ಕತ್ತರಿಸುತ್ತವೆ. ನಾನು "ಊಟ" ಅಂದ ಒಂದೇ ಮಾತಿಗೆ ಇದೆಲ್ಲ ಗೊತ್ತಿಲ್ಲ ಅಂತ ಬಯಲಾಯಿತು.

ಸಕಲೇಶಪುರದ ಹತ್ತಿರದ ನಮ್ಮ ತೋಟಕ್ಕೆ ವಾಪಸ್ ಬಂದಾಗ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆದಿತ್ತು. ಕಡಿದು ಹಾಕಿದ್ದ ಹಲಸಿನ ಕೊಂಬೆ ಒಣಗಿ ಗರಿಗರಿಯಾಗಿದೆ, ಎಲೆ ಮಾತ್ರ ಕಚ್ಚಿಕೊಂಡೇ ಇದೆ. ಎಳೆದೆ, ಎಲೆ ಹರಿದು ಕೈಗೆ ಬಂತು, ತೊಟ್ಟು ಕೊಂಬೆಯಲ್ಲೇ ಉಳಿಯಿತು. ಪಕ್ಕದ ಹಸಿ ಮರದ ಹಣ್ಣೆಲೆ ಬೆರಳು ತಾಗಿದ್ದಕ್ಕೇ ಬಿತ್ತು. ಎಲೆ ಉದುರಿಸೋಕೆ ಮರಕ್ಕೆ ಜೀವ ಇರಬೇಕು! ಕೋಶಗಳ ಈ ಸಾವಿಗೆ 1972ರಲ್ಲಿ ಅಪೊಪ್ಟೋಸಿಸ್ ಅಂತ ಹೆಸರಿಟ್ಟವರು ತೆಗೆದುಕೊಂಡದ್ದೂ ಎಲೆ ಉದುರುವುದಕ್ಕೆ ಇರುವ ಗ್ರೀಕ್ ಪದವನ್ನೇ. ಈ ಹೆಸರನ್ನೂ ನಾನು ಉರು ಹೊಡೆದಿದ್ದೆ ನೋಡಿ.

ಇನ್ನು ನಿಮ್ಮ "ದುರ್ಬಲ" ಅನ್ನೋ ಪದ. ಅದನ್ನು ದಯವಿಟ್ಟು ಬಿಟ್ಟುಬಿಡಿ. ಸಿ. ಎಲೆಗನ್ಸ್ ಅನ್ನೋ ಪುಟ್ಟ ಹುಳದ ದ್ವಿಲಿಂಗಿಗಳಲ್ಲಿ 1090 ದೇಹಕೋಶ ಹುಟ್ಟಿ 131 ಸಾಯುತ್ತವೆ, ಅಂಥ ಪ್ರತಿ ಹುಳದಲ್ಲೂ ಅವೇ 131. ಅವುಗಳ ಕ್ಯಾಸ್ಪೇಸಿನ ಜೀನ್ ಸೆಡ್-3 ಕೆಟ್ಟರೆ ಅವು ಉಳಿಯುತ್ತವೆ, ಕೆಲವು ನರಕೋಶಗಳೂ ಆಗುತ್ತವೆ. ಅವಕ್ಕೇನು ಶಕ್ತಿ ಇರಲಿಲ್ಲವಾ? ಹಾಗೇ ಎಲ್ಲದಕ್ಕೂ ಎನ್‌ಜಿಎಫ್ ಅಂತ ಹೇಳಬೇಡಿ. ಅದು ಮುಖ್ಯವಾಗಿ ಸಿಂಪಥೆಟಿಕ್ ಮತ್ತು ನೋವಿನ ನರಕೋಶಗಳಿಗೆ. ಕೋಳಿ ಕಾಲಿನ ಚಾಲಕ ನರಕೋಶಗಳ ಲೆಕ್ಕ ಬೇರೆ.

ಇಸವಿ ಮರೆತರೆ ಯಾರೂ ಬೈಯಲ್ಲ. ಇವತ್ತು ರಾತ್ರಿ ಆ 1988ರ ಪ್ರಯೋಗ ಓದಿ. ಅದರ ಗ್ರಾಫನ್ನು ಪುಸ್ತಕ ನೋಡದೆ ಬಿಡಿಸೋಕೆ ಬಂದರೆ ಬಸ್ಸಲ್ಲಿ ಆರಾಮಾಗಿ ಮಲಗಿಕೊಂಡು ಹೋಗಬಹುದು.