ಲಕ್ಷ್ಮಿಗೆ ಎಷ್ಟಕ್ಷರ?

ರಾಣೆಬೆನ್ನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

‘ಮಗಳು ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡು ದ್ವಿತೀಯ ಪಿಯುಸಿ ಪಾಸಾಗಿದ್ದಾಳೆ. ಹತ್ತನೆಯ ತರಗತಿಯವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಬಂದಿರುವ ರ‍್ಯಾಂಕಿಗೆ ಹೆಸರುವಾಸಿ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದು ಕಷ್ಟ ಎನ್ನುತ್ತಾರೆ. ಬೆಂಗಳೂರಿನ ಹೊಸ ಕಾಲೇಜೊಂದರಿಂದ ದಿನಾ ಫೋನ್ ಬರುತ್ತಿದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಎಐ ಸೀಟು ಕೊಡುತ್ತಾರಂತೆ, ವಾರದೊಳಗೆ ಹಣ ಕಟ್ಟಬೇಕಂತೆ. ಎರಡು ಎಕರೆ ಹೊಲ ಅಡವಿಟ್ಟರೆ ಹೊಂದಿಸಬಹುದು. ಅವಳು ನೋಡಿದರೆ ಇಲ್ಲೇ ಹತ್ತಿರದಲ್ಲಿ ಬಿಸಿಎ ಸೇರುತ್ತೇನೆ ಎನ್ನುತ್ತಾಳೆ. ಬಿಸಿಎ ಎಂದರೆ ಎಂಜಿನಿಯರಿಂಗ್ ಸಿಗದವರು ಓದುವುದಲ್ಲವೇ? ಇನ್ನು ನನ್ನ ಭಾವಮೈದುನ, ಎಐ ಬಂದ ಮೇಲೆ ಕಂಪ್ಯೂಟರೇ ಕೋಡ್ ಬರೆದುಕೊಳ್ಳುತ್ತದೆ, ಇದನ್ನೆಲ್ಲ ಓದುವುದೇ ದಂಡ ಎನ್ನುತ್ತಾನೆ. ಏನು ಮಾಡಲಿ?’

ಮಾನ್ಯರೇ,

ಹೊಲ ಅಡವಿಡಬೇಡಿ. ನಿಮ್ಮ ಬೇರೆ ಪ್ರಶ್ನೆಗಳಿಗೆ ಎರಡು ಬಗೆಯ ಉತ್ತರ ಇರಬಹುದು, ಇದಕ್ಕೆ ಇಲ್ಲ.

ಸಿಇಟಿಯ ಸೀಟು ಹಂಚಿಕೆ ಮುಗಿಯುವ ಮೊದಲೇ ‘ವಾರದೊಳಗೆ ಕಟ್ಟಿ’ ಎನ್ನುವ ಫೋನು ಬರುವುದು ನಿಮ್ಮೊಬ್ಬರಿಗಲ್ಲ. ತಾನಾಗಿಯೇ ಸೀಟು ತುಂಬುವ ಕಾಲೇಜಿನವರು ಯಾರೂ ರಾಣೆಬೆನ್ನೂರಿಗೆ ದಿನಾ ಫೋನ್ ಮಾಡುತ್ತ ಕೂರುವುದಿಲ್ಲ. ನನ್ನ ಅಕ್ಕನ ಮಗನನ್ನು ಇಂಥದೇ ಒಂದು ಫೋನಿಗೆ ಓಗೊಟ್ಟು ಸೇರಿಸಿದ್ದೆವು. ಸೇರಿಸಲು ಜೊತೆಗೆ ಹೋದವನು ನಾನೇ, ಹಾಗಾಗಿ ಆ ತಪ್ಪಿನಲ್ಲಿ ನನಗೂ ಪಾಲಿದೆ. ಗಾಜಿನ ಕಟ್ಟಡ, ಬಾಗಿಲಲ್ಲೇ ಕೈ ಬೀಸುವ ರೋಬಾಟ್, ಕುಡಿಯಲು ಎಳನೀರು. ಮೂರು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಗಣಿತಕ್ಕೆ ನಾಲ್ಕು ಮೇಷ್ಟ್ರು ಬದಲಾಗಿದ್ದರು. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು, ಇವನು ಹಿಂದೆ ನಿಂತು ನೋಡುವ ಮೂರನೆಯವನು. ಲ್ಯಾಬ್ ರೆಕಾರ್ಡ್ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಹಿಂದಿನ ವರ್ಷದವರ ರೆಕಾರ್ಡ್ ಇಟ್ಟುಕೊಂಡು ರಾತ್ರಿಯೆಲ್ಲ ನಕಲು ಮಾಡುವುದು, ಪರೀಕ್ಷೆಯಲ್ಲಿ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ಮಗ್ಗಿಯಂತೆ ಒಪ್ಪಿಸುವುದು. ಒಂದು ಸಾಲು ಬದಲಿಸಿ ಇದೇನಾಗುತ್ತದೆ ಎಂದು ಕೇಳಿದರೆ ಮುಖ ನೋಡುತ್ತಿದ್ದ.

ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಫಲಕಗಳನ್ನು ನೋಡಿ ಗಾಬರಿಯಾಗಬೇಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮ ಅದರ ವೆಬ್‌ಸೈಟಿನಲ್ಲೇ ಇದೆ. ಎರಡು ಬ್ರಾಂಚಿನ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಮಗಳಿಗೆ ಹೇಳಿ. ಮೊದಲ ಎರಡು ವರ್ಷ ಬಹುಪಾಲು ಒಂದೇ ಊಟ: ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಆಲ್ಗರಿದಮ್ಸ್. ಬೇರೆಯಾಗುವುದು ಆಮೇಲೆ, ಕೆಲವು ವಿಷಯಗಳಲ್ಲಿ. ನೀವು ಹೊಲ ಅಡವಿಟ್ಟು ಕೊಳ್ಳಲು ಹೊರಟಿರುವುದು ಆ ಕೆಲವು ವಿಷಯಗಳನ್ನು.

ಹಾಗಾದರೆ ಈ ಓದಿನ ಒಳಗಿರುವುದೇನು? ದೂರ ಹೋಗುವುದು ಬೇಡ, ನಿಮ್ಮ ಪತ್ರವೇ ಇದೆ. ನೀವು ಹಳೆಯ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಮೇಲ್ ಮಾಡಿದ್ದಿರಿ. ನಮ್ಮಲ್ಲಿ ತೆರೆದರೆ ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಎ, ಪ್ರಶ್ನಾರ್ಥಕ ಚಿಹ್ನೆಗಳ ಸಂತೆ. ಡಿಟಿಪಿ ಮಾಡುವ ಹುಡುಗ ಅದನ್ನು ಪರಿವರ್ತಕಕ್ಕೆ ಹಾಕಿ, ಈಗ ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್ ಸಂಕೇತಕ್ಕೆ ತಂದುಕೊಟ್ಟ. ಉಳಿದದ್ದೆಲ್ಲ ಸರಿಯಾಯಿತು, ಆದರೆ ಅರ್ಕಾವೊತ್ತು ಇದ್ದ ಪದಗಳು ಕೆಟ್ಟವು, ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಯಿತು. ಈ ‘ಕನಾರ್ಟಕ’ವನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ಕಾರಣ ಸರಳ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂರುತ್ತವೆ: ಕ, ನಾ, ಅದರ ಮುಂದೆ ಅರ್ಕಾವೊತ್ತು. ಯುನಿಕೋಡಿನಲ್ಲಿ ಕೂರುವುದು ಉಚ್ಚರಿಸುವ ಕ್ರಮದಲ್ಲಿ: ಕ, ರ್, ನಾ. ಒಂದಕ್ಕೆ ಒಂದರಂತೆ ಅಕ್ಷರ ಬದಲಿಸುತ್ತ ಹೋಗುವ ಪ್ರೋಗ್ರಾಮು ಅರ್ಕಾವೊತ್ತು ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂಬುದನ್ನು ಮರೆತರೆ ನಮ್ಮ ರಾಜ್ಯದ ಹೆಸರೇ ತಿರುಚಿಕೊಳ್ಳುತ್ತದೆ.

ಇನ್ನೊಂದು ನೋಡಿ. ‘ಲಕ್ಷ್ಮಿ’ ಎಂಬ ಹೆಸರಿಗೆ ಎಷ್ಟಕ್ಷರ? ಒಂದನೇ ತರಗತಿಯ ಮಗುವೂ ಎರಡು ಎನ್ನುತ್ತದೆ. ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆಯಲ್ಲಿ ಕೇಳಿದರೆ ಏಳು ಎನ್ನುತ್ತದೆ. ಲ, ಕ, ವಿರಾಮ (‘ಕ’ವನ್ನು ‘ಕ್’ ಮಾಡುವ ಗುರುತು), ಷ, ಮತ್ತೊಂದು ವಿರಾಮ, ಮ, ಗುಡಿಸು ಎಂದು ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಸಿ ಭಾಷೆಯಲ್ಲಿ ಕೇಳಿದರೆ 21. ಯುನಿಕೋಡನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಇಂಥ ಪ್ರತಿಯೊಂದು ಸಂಕೇತವೂ ಮೂರು ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಹಿಡಿಯುತ್ತದೆ, ಸಿ ಎಣಿಸುವುದು ಆ ಬೈಟುಗಳನ್ನು. ಮೂರು ಉತ್ತರಗಳೂ ಸರಿಯೇ. ಯಾವುದು ಎಲ್ಲಿ ಬೇಕು ಎಂದು ತಿಳಿಯದಿದ್ದರೆ ಮಾತ್ರ ಫಜೀತಿ. ಹೆಸರಿಗೆ 20 ಬೈಟ್ ಧಾರಾಳ ಎಂದು ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರಾದರೂ ನಿಗದಿ ಮಾಡಿದರೆ, ಎರಡಕ್ಷರದ ಲಕ್ಷ್ಮಿಯೂ ಅದರಲ್ಲಿ ಹಿಡಿಯುವುದಿಲ್ಲ. ಒಂದು ಕಚೇರಿ ಕೊಟ್ಟ ಪ್ರಮಾಣಪತ್ರದಲ್ಲಿ ನನ್ನ ತಂದೆಯವರ ಹೆಸರು ಕೊನೆಯ ಒತ್ತಕ್ಷರ ಕಳೆದುಕೊಂಡು ಬಂದಿತ್ತು. ಅದನ್ನು ಸರಿಪಡಿಸಲು ನಾನು ನಾಲ್ಕು ಸಲ ಅಲೆದೆ, ‘ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಸಾರ್’ ಎಂಬ ಉತ್ತರವನ್ನು ನಾಲ್ಕೂ ಸಲ ಕೇಳಿದೆ.

ನಿಮ್ಮ ಭಾವಮೈದುನರಿಗೂ ಇದನ್ನೇ ಹೇಳಿ. ಅಕ್ಷರ ಎಣಿಸುವ ಪ್ರೋಗ್ರಾಮ್ ಬರೆದುಕೊಡು ಎಂದರೆ ಎಐ ಕಣ್ಣು ಮಿಟುಕಿಸುವುದರೊಳಗೆ ಬರೆದುಕೊಡುತ್ತದೆ. ಅದು ಏಳು ಎಂದಾಗ, ನನಗೆ ಬೇಕಾದದ್ದು ಎರಡು ಎಂದು ಹೇಳುವವರು ಬೇಕು. ಬರೀ ಟೈಪ್ ಮಾಡುವ ಕೆಲಸ ಕಡಿಮೆಯಾಗುತ್ತಿದೆ ಎಂಬುದರಲ್ಲಿ ಅವರ ಮಾತು ನಿಜ. ರೆಕಾರ್ಡ್ ನಕಲು ಮಾಡಿ ಪದವಿ ಪಡೆದವರಿಗೆ ಮುಂದೆ ಕಷ್ಟವೇ, ಅದು ಬಿಇ ಆದರೂ ಅಷ್ಟೇ, ಬಿಸಿಎ ಆದರೂ ಅಷ್ಟೇ.

ಈಗ ಬಿಸಿಎ. ಅದು ಎಂಜಿನಿಯರಿಂಗ್ ಸಿಗದವರ ಕೋರ್ಸ್ ಎಂಬ ಮಾತು ಊರೆಲ್ಲ ಇದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಕೆಲವು ಕಂಪನಿಗಳು ಬಿಇ ಇಲ್ಲದವರನ್ನು ಸಂದರ್ಶನಕ್ಕೇ ಕರೆಯುವುದಿಲ್ಲ, ಕರೆದವರಲ್ಲೂ ಅನೇಕರು ಮೊದಲ ಸಂಬಳ ಕಡಿಮೆ ಇಡುತ್ತಾರೆ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಿದರೆ ಮೋಸವಾಗುತ್ತದೆ. ಆದರೆ ಬಿಸಿಎ ಮುಗಿಸಿದವರನ್ನೇ ಆರಿಸಿ, ಕೆಲಸ ಕೊಟ್ಟು, ಜೊತೆಗೇ ಎಂ.ಟೆಕ್ ಓದಿಸುವ ವಿಪ್ರೋದಂಥ ಕಂಪನಿಗಳೂ ಇವೆ. ವರ್ಷಗಳ ಲೆಕ್ಕದಲ್ಲಿ ನಿಮ್ಮ ಊರಿನವರು ಗೊಂದಲ ಮಾಡಿರಬಹುದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ರಾಜ್ಯದಲ್ಲಿ ಪದವಿ ನಾಲ್ಕು ವರ್ಷಕ್ಕೆ ಹೋಗಿತ್ತು, 2024-25ರಿಂದ ಸರ್ಕಾರ ಮತ್ತೆ ಮೂರಕ್ಕೆ ತಂದಿದೆ. ಅದೇ ವರ್ಷದಿಂದ ಬಿಸಿಎ ಕೋರ್ಸು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೂ ಬಂದಿದೆ, ಆದ್ದರಿಂದ ಕಾಲೇಜಿಗೆ ಆ ಮಾನ್ಯತೆ ಇದೆಯೇ ಎಂದು ಕೇಳಿಯೇ ಸೇರಿಸಿ. ಬಿಸಿಎ ಆದ ಮೇಲೆ ಓದುವ ಸ್ನಾತಕೋತ್ತರ ಪದವಿ, ಹಿಂದೆ ಮೂರು ವರ್ಷವಿದ್ದ ಎಂಸಿಎ 2020-21ರಿಂದ ಎರಡು ವರ್ಷವಾಗಿದೆ. ಅಲ್ಲಿಗೆ ಒಟ್ಟು ಐದು ವರ್ಷ, ಬಿಇಗಿಂತ ಒಂದೇ ವರ್ಷ ಹೆಚ್ಚು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಎನ್‌ಐಟಿಕೆಯಲ್ಲೂ ಎಂಸಿಎ ಇದೆ. ಅಲ್ಲಿಗೆ ಹೋಗಲು ಬರೆಯಬೇಕಾದ ನಿಮ್‌ಸೆಟ್ ಪರೀಕ್ಷೆಯಲ್ಲಿ ಗಣಿತದ ತೂಕವೇ ಹೆಚ್ಚು. ಬಿಸಿಎ ಸೇರಿದವರು ಸಾಮಾನ್ಯವಾಗಿ ಕೈಬಿಡುವುದು ಅದನ್ನೇ. ಮಗಳು ಪಿಯುಸಿ ಗಣಿತದ ಪುಸ್ತಕಗಳನ್ನು ರದ್ದಿಗೆ ಹಾಕದಿರಲಿ.

ಇಂಗ್ಲಿಷಿನ ಅಳುಕಿನಿಂದ ಅವಳು ಹತ್ತಿರದ ಕಾಲೇಜು ಎನ್ನುತ್ತಿದ್ದಾಳೆಯೇ? ನೀವು ಬರೆದಿಲ್ಲ, ನನಗೆ ಅನುಮಾನ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯರು ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹಾಗಿದ್ದರೆ ಅವಳಿಗೆ ಹೇಳಿ, ಪ್ರೋಗ್ರಾಮ್ ಬರೆಯಲು ಹೆಚ್ಚು ಇಂಗ್ಲಿಷ್ ಬೇಡ: ಸಿ ಭಾಷೆಯ 1989ರ ಪ್ರಮಾಣದಲ್ಲಿ ಇರುವುದು ಬರೀ 32 ಮೀಸಲು ಪದಗಳು (ಭಾಷೆ ತನಗೆಂದೇ ಇಟ್ಟುಕೊಂಡ ಪದಗಳು). ಕಷ್ಟವಾಗುವುದು ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ, ಗೊತ್ತಿರುವುದನ್ನು ನಿಂತು ಹೇಳುವಾಗ. ಅದಕ್ಕೆ ಬಿಇ, ಬಿಸಿಎ ಎಂಬ ಭೇದವಿಲ್ಲ, ಆದ್ದರಿಂದ ಆ ಒಂದು ಕಾರಣಕ್ಕೆ ಬಿಇ ಬಿಡಬೇಕಾಗಿಲ್ಲ.

ಬಿಡುವ ಮೊದಲು ಸಿಇಟಿಯ ದಾರಿಯನ್ನು ಪೂರ್ತಿ ನಡೆದು ನೋಡಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಅರ್ಜಿಯಲ್ಲಿ ಎರಡನ್ನೂ ನಮೂದಿಸಿದ್ದಾಳೆಯೇ, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಆಗಿದೆಯೇ ನೋಡಿಕೊಳ್ಳಿ. ಆಪ್ಷನ್ ಎಂಟ್ರಿಯಲ್ಲಿ ಹೆಸರುವಾಸಿ ಕಾಲೇಜುಗಳನ್ನು ಮಾತ್ರ ತುಂಬಿ ಕೂರಬೇಡಿ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿ ಕಂಪ್ಯೂಟರ್ ಸೈನ್ಸ್ ಇದೆ, ಅದನ್ನೂ ಹಾಕಿ. ಅಣಕು ಸೀಟು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ಬದಲಿಸಿಕೊಳ್ಳಲು ಅವಕಾಶವಿರುತ್ತದೆ. ಸರ್ಕಾರಿ ಸೀಟು ಎಲ್ಲಾದರೂ ಸಿಕ್ಕರೆ ಬಿಇ. ಸಿಗದಿದ್ದರೆ ಅವಳ ಮಾತಿನಂತೆ ಬಿಸಿಎ. ನನ್ನ ಮಗಳಾಗಿದ್ದರೂ ಇದನ್ನೇ ಮಾಡುತ್ತಿದ್ದೆ.

ಯಾವ ಕಾಲೇಜಾದರೂ ಸರಿ, ಸೇರಿಸುವ ಮುನ್ನ ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ. ಕಚೇರಿಯವರನ್ನು ಮಾತನಾಡಿಸಬೇಡಿ, ಕ್ಯಾಂಟೀನಿನಲ್ಲಿ ಕೂತ ಎರಡನೇ ವರ್ಷದವರನ್ನು ಮಾತನಾಡಿಸಿ. ಲ್ಯಾಬ್ ಬಾಗಿಲು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಡೇಟಾ ಸ್ಟ್ರಕ್ಚರ್ಸ್ ಪಾಠ ಮಾಡುವವರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂದು ಅವಳೇ ಕೇಳಲಿ.

ನಿಮ್ಮ ನುಡಿ ಕಡತವನ್ನು ಅಳಿಸಿಲ್ಲ, ಮರುಟಪಾಲಿನಲ್ಲಿ ಕಳಿಸಿದ್ದೇನೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ್ದಾಳಲ್ಲ, ಕಾಲೇಜು ಶುರುವಾಗುವವರೆಗೆ ಬಿಡುವೂ ಇದೆ, ಅದನ್ನು ಯುನಿಕೋಡಿಗೆ ತರುವ ಪ್ರೋಗ್ರಾಮ್ ಒಂದನ್ನು ಬರೆದು ನೋಡಲಿ. ನಮ್ಮ ಹುಡುಗ ನಿನ್ನೆ ಅರ್ಕಾವೊತ್ತನ್ನು ಒಂದು ಅಕ್ಷರ ಹಿಂದಕ್ಕೆ ತಳ್ಳಿ ‘ವರ್ಷ’ವನ್ನು ಸರಿಮಾಡಿದ. ಆದರೆ ‘ಕರ್ನಾಟಕ’ದ ನಾ ಎಂಬಲ್ಲಿ ಕಾಗುಣಿತವೂ ಸೇರಿರುವುದರಿಂದ ಅದು ಇನ್ನೂ ಅವನ ಕೈಗೆ ಸಿಕ್ಕಿಲ್ಲ.

— ಸಂಪಾದಕ